ದ್ಯಾಮಕ್ಕ ತಿರುಗಿ ಹಾಕಿದ ಬೋಲ್ಟು

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ, ಊರಿನ ಮನೆಗಳು ಮುಗಿದು ಗ್ಯಾರೇಜುಗಳು ಶುರುವಾಗುವ ಕಡೆ ಮರಿಸ್ವಾಮಿಯ ಶೆಡ್ಡು ಇತ್ತು. ನಾಲ್ಕು ಕಂಬ, ಮೇಲೆ ತಗಡು, ಹಿಂದೆ ಎರಡು ಕೋಣೆಯ ಮನೆ. ಬೋರ್ಡು ಇರಲಿಲ್ಲ. ಹಳೆಯ ಗಾಡಿ ಇಟ್ಟುಕೊಂಡವರಿಗೆ ಬೋರ್ಡಿನ ಅಗತ್ಯವೂ ಇರಲಿಲ್ಲ. ಬೇರೆ ಕಡೆ ಕೈಚೆಲ್ಲಿದ ಜೀಪು, ಟ್ರ್ಯಾಕ್ಟರು, ವ್ಯಾನುಗಳನ್ನು ಹಗ್ಗ ಕಟ್ಟಿ ಎಳೆದುಕೊಂಡಾದರೂ ಅಲ್ಲಿಗೇ ತರುತ್ತಿದ್ದರು.

ಮರಿಸ್ವಾಮಿಗೆ ಹೆಸರು ಬಂದದ್ದು ಬೋಲ್ಟು ಬಿಚ್ಚುವುದರಿಂದ. ಹಳೆಯ ಗಾಡಿ ಎಂದ ಮೇಲೆ ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟು ಒಂದಾದರೂ ಇರುತ್ತದೆ. ಅವಸರದ ಮಿಸ್ತ್ರಿ ಪಾನಾ, ಅಂದರೆ ಸ್ಪ್ಯಾನರು, ಹಾಕಿ ಜಗ್ಗುತ್ತಾನೆ, ಬೋಲ್ಟಿನ ಆರು ಮೂಲೆ ಸವೆದು ತಲೆ ಗುಂಡಗಾಗುತ್ತದೆ, ಆಮೇಲೆ ಯಾವ ಪಾನಾಕ್ಕೂ ಅದು ಸಿಗುವುದಿಲ್ಲ. ಇನ್ನೂ ಜಗ್ಗಿದರೆ ತಲೆ ಮುರಿದು ಮೈ ಒಳಗೇ ಉಳಿಯುತ್ತದೆ. ಅಂಥ ಬೋಲ್ಟಿನ ಮುಂದೆ ಮರಿಸ್ವಾಮಿ ಕುಕ್ಕರುಗಾಲಲ್ಲಿ ಕೂತನೆಂದರೆ ಒಂದು ಬೀಡಿ ಮುಗಿಯುವ ತನಕ ಕೈಯನ್ನೇ ಹಚ್ಚುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದ. "ಇದರ ಜೋಡಿ ಜಗಳಾ ಮಾಡಬಾರದ್ರಿ, ಮಾತಾಡಿಸಬೇಕು" ಎನ್ನುತ್ತಿದ್ದ. ಡೀಸೆಲ್ ಬಿಟ್ಟು ನೆನೆಹಾಕುತ್ತಿದ್ದ, ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟುತ್ತಿದ್ದ, ಕಾಯಿಸುತ್ತಿದ್ದ, ಆರಲು ಬಿಡುತ್ತಿದ್ದ. ಕೊನೆಗೆ ಬೋಲ್ಟು ಟಕ್ಕೆಂದು ಒಂದು ಸದ್ದು ಮಾಡಿ ಹಿಡಿತ ಬಿಡುತ್ತಿತ್ತು. ಆ ಸದ್ದು ಕೇಳಿದಾಗ ಮರಿಸ್ವಾಮಿ ನಗುತ್ತಿದ್ದ. ಬೇರೆ ಹೊತ್ತಿನಲ್ಲಿ ಅವನು ಅಷ್ಟಾಗಿ ನಗುವವನಲ್ಲ.

ದ್ಯಾಮಕ್ಕ ಆ ಶೆಡ್ಡಿಗೆ ಮದುವೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು. ಕಂಪ್ಲಿ ಕಡೆಯ ಹಳ್ಳಿಯಲ್ಲಿ, ಕೆಸರುಗದ್ದೆಯಲ್ಲಿ ಭತ್ತ ನಾಟಿ ಮಾಡುತ್ತ ಬೆಳೆದವಳು. ಗ್ರೀಸಿನ ವಾಸನೆಗೆ ಮೊದಲ ತಿಂಗಳು ಊಟವೇ ಸೇರಲಿಲ್ಲ. ಮಕ್ಕಳಾಗಲಿಲ್ಲ. ಒಂದೆರಡು ವರ್ಷ ಅದಕ್ಕಾಗಿ ಅತ್ತಳು, ಹರಕೆ ಹೊತ್ತಳು, ಆಮೇಲೆ ಬಿಟ್ಟಳು. ಮಧ್ಯಾಹ್ನದ ಊಟ ಶೆಡ್ಡಿಗೇ ತಂದು, ಗಂಡ ಉಣ್ಣುವಾಗ ಬೋರಲು ಹಾಕಿದ ಆಯಿಲ್ ಡಬ್ಬಿಯ ಮೇಲೆ ಕೂತು ಬಿಚ್ಚಿಟ್ಟ ಎಂಜಿನ್ನುಗಳನ್ನು ನೋಡುತ್ತಿದ್ದಳು. ಊಟ ಮುಗಿದ ಮೇಲೂ ಎದ್ದು ಹೋಗುತ್ತಿರಲಿಲ್ಲ. ಗಾಡಿಯ ಕೆಳಗೆ ಮಲಗಿದ ಮರಿಸ್ವಾಮಿ ಕೈ ಚಾಚಿ "ಹದಿನಾಲ್ಕು" ಎಂದರೆ ಹದಿನಾಲ್ಕರ ಪಾನಾ ಕೊಡುತ್ತಿದ್ದಳು. ಬರಬರುತ್ತ ಅವನು ನಂಬರು ಹೇಳುವುದನ್ನೇ ಬಿಟ್ಟ. ಕೈ ಚಾಚಿದರೆ ಬೇಕಾದದ್ದು ಅಂಗೈಗೆ ಬರುತ್ತಿತ್ತು.

ಹದಿಮೂರು ವರ್ಷ ಹೀಗೆ ಕಳೆಯಿತು.

ಎರಡು ಸಾವಿರದ ಎರಡರ ಶ್ರಾವಣದಲ್ಲಿ ಕಂಪ್ಲಿಯ ಅಂದಾನಪ್ಪನವರ ಜೀಪು ಬಂತು. ಅಂದಾನಪ್ಪನವರದು ರೈಸ್ ಮಿಲ್ಲು, ಮನೆಯಲ್ಲಿ ಹೊಸ ಕಾರು ಇತ್ತು. ಆದರೂ ಅಪ್ಪ ಕೊಂಡ ಜೀಪನ್ನು ಅವರು ಮಾರಿರಲಿಲ್ಲ. ಎಂಜಿನ್ನಿಗೆ ನೀರು ದೂಡುವ ಪಂಪು ಸೋರುತ್ತಿತ್ತು. ಪಂಪಿಗೆ ನಾಲ್ಕು ಬೋಲ್ಟು. ಮೂರು ಬಂದವು. ನಾಲ್ಕನೆಯದರ ತಲೆಯನ್ನು ಮೊದಲೇ ಯಾರೋ ಸವೆಸಿಟ್ಟಿದ್ದರು.

ಮರಿಸ್ವಾಮಿ ಒಂದು ಅಳತೆ ಚಿಕ್ಕದಾದ ರಿಂಗ್ ಪಾನಾವನ್ನು ಬಡಿದು ಕೂಡಿಸಿ ನೋಡಿದ. ಜಾರಿತು. ಡೀಸೆಲ್ ಬಿಟ್ಟು ಒಂದು ದಿನ ಬಿಟ್ಟ. ಮರುದಿನ ಬೆಳಿಗ್ಗೆ ಕಬ್ಬಿಣ ಕಡಿಯುವ ಚಾಣ ತೆಗೆದುಕೊಂಡ. ಬೋಲ್ಟಿನ ತಲೆಯ ಅಂಚಿಗೆ ಚಾಣ ಇಟ್ಟು, ಬಿಚ್ಚುವ ದಿಕ್ಕಿಗೆ ಓರೆಯಾಗಿ ಹೊಡೆಯುತ್ತ ಹೋದರೆ ಎಷ್ಟೋ ಸಲ ಬೋಲ್ಟು ತಿರುಗಿಬಿಡುತ್ತದೆ. ಆ ಚಾಣದ ತಲೆ ವರ್ಷಗಟ್ಟಲೆ ಸುತ್ತಿಗೆಯ ಪೆಟ್ಟು ತಿಂದು ಅಣಬೆಯ ಹಾಗೆ ಅಂಚು ಬಿಟ್ಟಿತ್ತು. ಉಜ್ಜಿ ಸರಿ ಮಾಡಬೇಕೆಂದು ಮರಿಸ್ವಾಮಿ ಹದಿನೈದು ದಿನದಿಂದ ಹೇಳುತ್ತಿದ್ದ. ಕನ್ನಡಕವೂ ಇತ್ತು. ಅದರ ಗಾಜು ಗೀರು ಬಿದ್ದು ಮಂಜಾಗಿತ್ತು, ಸರಿಯಾಗಿ ಕಾಣದೆಂದು ಹಣೆಯ ಮೇಲೆ ಏರಿಸಿಕೊಂಡಿದ್ದ.

ದ್ಯಾಮಕ್ಕ ಚಹಾ ತಂದು ಅವನ ಹಿಂದೆ ನಿಂತಿದ್ದಳು. ಮೂರನೆಯ ಪೆಟ್ಟಿಗೆ ಮರಿಸ್ವಾಮಿ "ಹಾ" ಎಂದ. ಜೋರಾಗಿ ಕೂಗಲೂ ಇಲ್ಲ. ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡ. ಬೆರಳಸಂದಿಯಲ್ಲಿ ನೀರಿನಂಥದ್ದು ಇಳಿಯಿತು, ಅದರ ಹಿಂದೆಯೇ ರಕ್ತ. ಚಾಣದ ಅಂಚಿನಿಂದ ಸಿಡಿದ ಅಕ್ಕಿನುಚ್ಚಿನಷ್ಟು ಚೂರು ಕಣ್ಣಿನೊಳಕ್ಕೆ ಹೋಗಿತ್ತು.

ಪಕ್ಕದ ಶೆಡ್ಡಿನ ವೆಲ್ಡರ್ ಹುಸೇನಪ್ಪ ತನ್ನ ಸ್ಕೂಟರಿನಲ್ಲಿ ಮೊದಲು ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿಂದ ಬಳ್ಳಾರಿಗೆ ಕಳಿಸಿದರು. ಬಳ್ಳಾರಿಯ ಡಾಕ್ಟರು ಚೂರು ತೆಗೆದರು. ಹತ್ತನೆಯ ದಿನ ಗಂಡಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಸಮಾಧಾನವಾಗಿ ತಿಳಿಸಿ ಹೇಳಿದರು. ಎಡಗಣ್ಣಿನಲ್ಲಿ ದೃಷ್ಟಿ ಉಳಿದಿಲ್ಲ. ಆ ಕಣ್ಣನ್ನು ತೆಗೆದುಬಿಡುವುದು ಒಳ್ಳೆಯದು. ಹಾಗೇ ಬಿಟ್ಟರೆ ಒಮ್ಮೊಮ್ಮೆ ಒಳ್ಳೆಯ ಕಣ್ಣಿಗೂ ಬೇನೆ ಹತ್ತುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಹತ್ತಿತೆಂದರೆ ತಡೆಯುವುದು ಕಷ್ಟ. ಇನ್ನು ನಾಲ್ಕು ದಿನದೊಳಗೆ ಹೇಳಬೇಕು.

ಆಸ್ಪತ್ರೆಯ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಇಬ್ಬರೂ ಕೂತರು. ಮರಿಸ್ವಾಮಿ ಅವಳ ಕಡೆ ತಿರುಗಿದ.

"ನೀ ಏನಂತಿ, ದ್ಯಾಮಿ?"

ದ್ಯಾಮಕ್ಕನಿಗೆ ಡಾಕ್ಟರ ಮಾತಿನಲ್ಲಿ ಕೇಳಿಸಿದ್ದು ಒಂದೇ: ಕಣ್ಣು ಕಿತ್ತು ತೆಗೆಯುತ್ತಾರೆ ಎಂಬುದು. ಮದುವೆಯ ದಿನ ಅಂತರಪಟ ಸರಿಸಿದಾಗ ಅವಳು ಮೊದಲು ಕಂಡದ್ದು ಆ ಕಣ್ಣುಗಳನ್ನು. ಅಲ್ಲೊಂದು ತಗ್ಗು ಬೀಳುವುದನ್ನು ನೆನೆಸಿಕೊಳ್ಳಲೂ ಅವಳಿಂದ ಆಗಲಿಲ್ಲ.

"ಬ್ಯಾಡ್ರಿ. ಕಾಣದಿದ್ರ ಹ್ವಾಗ್ಲಿ, ಕಣ್ಣು ಕಣ್ಣಿದ್ದಂಗ ಇರ್ಲಿ. ಎಲ್ಲರಿಗೂ ಹಂಗ ಆಗಂಗಿಲ್ಲ ಅಂತ ಅವರ ಹೇಳ್ಯಾರಲ್ರಿ."

"ಹೂಂ. ಹಂಗಾರ ಬ್ಯಾಡ" ಎಂದ ಮರಿಸ್ವಾಮಿ. ಇಬ್ಬರೂ ಬಸ್ಸು ಹತ್ತಿ ಊರಿಗೆ ಬಂದರು.

ದೀಪಾವಳಿಗೆ ಬಲಗಣ್ಣು ಕೆಂಪಾಯಿತು. ಮತ್ತೆ ಬಳ್ಳಾರಿ, ಮಾತ್ರೆ, ಇಂಜೆಕ್ಷನ್ನು, ಗಂಟೆಗೊಮ್ಮೆ ಹನಿ. ಡಾಕ್ಟರು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ದ್ಯಾಮಕ್ಕ ಅಂದುಕೊಂಡಳು. ಸಂಕ್ರಾಂತಿಗೆ ಮರಿಸ್ವಾಮಿಗೆ ಮುಖಗಳು ಕಾಣದಾದವು. ಯುಗಾದಿಯ ಹೊತ್ತಿಗೆ ಬಾಗಿಲು ಯಾವ ಕಡೆ ಇದೆ ಎಂಬುದಷ್ಟೇ ಬೆಳಕಿನಿಂದ ತಿಳಿಯುತ್ತಿತ್ತು. ಮಳೆಗಾಲ ಬರುವಷ್ಟರಲ್ಲಿ ಅದೂ ಹೋಯಿತು.

ಇಷ್ಟು ತಿಂಗಳೂ ಅಂದಾನಪ್ಪನವರ ಜೀಪು ಶೆಡ್ಡಿನ ಮೂಲೆಯಲ್ಲಿ ಬಾನೆಟ್ಟು ತೆರೆದುಕೊಂಡೇ ನಿಂತಿತ್ತು. ಅವರು ಕೇಳಿರಲಿಲ್ಲ. ಒಂದು ದಿನ ಬಂದು, ಮರಿಸ್ವಾಮಿಯ ಪಕ್ಕ ಬೆಂಚಿನ ಮೇಲೆ ಕೂತು, ಮಾತು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಕೆಮ್ಮಿದರು.

"ಮರಿಸ್ವಾಮಿ, ಗಾಡಿ ಎಳಕೊಂಡು ಹೊಕ್ಕೀನಪ್ಪ. ನಿನಗ್ಯಾಕ ಮತ್ತ ಅದರ ತ್ರಾಸು."

ಮರಿಸ್ವಾಮಿ ತಲೆಯಾಡಿಸಿದ. ಚಹಾ ಕೊಡಲು ಬಂದಿದ್ದ ದ್ಯಾಮಕ್ಕನ ಬಾಯಿಂದ ಮಾತು ತಾನಾಗಿ ಬಂತು:

"ಎರಡು ದಿನಾ ಬಿಡ್ರಿ ಯಜಮಾನ್ರ. ನಾವು ತಗದು ಕೊಡ್ತೀವಿ."

ಅಂದಾನಪ್ಪನವರು ಅವಳನ್ನು ನೋಡಿದರು, ಮರಿಸ್ವಾಮಿಯನ್ನು ನೋಡಿದರು. "ಆತವ್ವ" ಎಂದಷ್ಟೇ ಹೇಳಿ ಹೋದರು.

"ಯಾರು ತಗೀತಾರ?" ಎಂದ ಮರಿಸ್ವಾಮಿ.

"ನೀವು ಹೇಳ್ರಿ, ನಾ ಮಾಡ್ತೀನಿ."

ಮರುದಿನ ದ್ಯಾಮಕ್ಕ ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಟ್ಟಳು. ಹೊಸ ಕನ್ನಡಕ ತರಿಸಿದ್ದಳು. ಅದು ಇದೆಯೇ ಎಂದು ಮರಿಸ್ವಾಮಿ ಅವಳ ಮುಖ ಮುಟ್ಟಿ ನೋಡಿದ. ಆಮೇಲೆ ಬೋಲ್ಟಿನ ತಲೆಯ ಮೇಲೆ ಬೆರಳಾಡಿಸಿದ. ತನ್ನದೇ ಚಾಣ ಕಡಿದ ಗಾಯದ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಅರ್ಧಾ ತಲಿ ಉಳದೈತಿ. ಇದಕ್ಕ ಒಂದು ನಟ್ಟು ಕೂಡಿಸಿ ವೆಲ್ಡಿಂಗ್ ಹಚ್ಚಬೇಕು. ಹುಸೇನಪ್ಪನ್ನ ಕರಿ."

ಹುಸೇನಪ್ಪ ಬಂದು, ಸವೆದ ತಲೆಯ ಮೇಲೆ ಒಂದು ದಪ್ಪ ನಟ್ಟು ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ತುಂಬಿದ. ಗುಂಡು ತಲೆಗೆ ಆರು ಮೂಲೆ ಬಂದಂತಾಯಿತು.

"ಈಗ ಮುಟ್ಟಬ್ಯಾಡ. ಬಣ್ಣ ಹೇಳು."

"ಕೆಂಪೈತ್ರಿ."

"ತಡಿ."

"ಈಗ ಕರ್ರಗ ಆತ್ರಿ."

"ಪಾನಾ ಹಾಕು. ಬಿಚ್ಚಬ್ಯಾಡ, ಮೊದಲು ಬಿಗಿ ಮಾಡು. ಕೂದಲೆಳಿಯಷ್ಟು. ಈಗ ಹಿಂದಕ್ಕ. ಜಗ್ಗಬ್ಯಾಡ ಅಂದ್ನಲ್ಲ! ನಿನ್ನ ಭುಜಾ ಜಗ್ಗಾಕತ್ತೈತಿ, ಉಸುರು ಕೇಳಿದ್ರ ಗೊತ್ತಾಕ್ಕೈತಿ. ಮಣಿಕಟ್ಟಿಲೆ ಮಾಡು. ಮುಂದ... ಹಿಂದ..."

ಎಷ್ಟು ಸಲ ಮುಂದೆ ಹಿಂದೆ ಆಯಿತೋ. ದ್ಯಾಮಕ್ಕನ ಮೂಗಿನ ತುದಿಯಿಂದ ಬೆವರು ಬಿಸಿ ನಟ್ಟಿನ ಮೇಲೆ ಬಿದ್ದು ಚುಸ್ ಎಂದಿತು. ಆಮೇಲೆ ಟಕ್ಕೆಂದಿತು. ಬೋಲ್ಟು ಮುರಿಯಿತೆಂದೇ ಅವಳು ತಿಳಿದಳು. ತಿರುಗಿ ನೋಡಿದರೆ ಮರಿಸ್ವಾಮಿ ನಗುತ್ತಿದ್ದ. ಕಣ್ಣು ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಬೋಲ್ಟನ್ನು ಅವನ ಕೈಗಿಟ್ಟಳು. ಸುಡುತ್ತಿತ್ತು, ಆದರೂ ಅವನು ಬಿಡಲಿಲ್ಲ.

ಅಂದಿನಿಂದ ಶೆಡ್ಡು ಮತ್ತೆ ನಡೆಯಿತು. ಮರಿಸ್ವಾಮಿ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದು ತುದಿಯನ್ನು ಕಿವಿಗೂ ಹಚ್ಚಿ ರೋಗ ಹೇಳುತ್ತಿದ್ದ, ದ್ಯಾಮಕ್ಕ ಬಿಚ್ಚುತ್ತಿದ್ದಳು. ಮೊದಮೊದಲು ಜನ ನೋಡುವುದಕ್ಕೇ ಬರುತ್ತಿದ್ದರು. ಹೆಂಗಸು ಗಾಡಿಯ ಕೆಳಗೆ ಮಲಗುತ್ತಾಳೆಂದು ಆಡಿಕೊಂಡರು. ಗಾಡಿ ಸರಿಹೋಗುತ್ತಿದ್ದದ್ದರಿಂದ ಆಡಿಕೊಂಡವರೂ ಆಮೇಲೆ ಗಾಡಿ ತಂದರು.

ಅದೇ ಕಾಲಕ್ಕೆ ಅದಿರಿನ ಸುಗ್ಗಿ ಶುರುವಾಯಿತು. ಸಂಡೂರಿನ ಗುಡ್ಡಗಳಿಂದ ಇಳಿದು ಬರುವ ಲಾರಿಗಳು ಮೊದಲು ಹತ್ತಾರು, ಆಮೇಲೆ ನೂರಾರು, ಆಮೇಲೆ ಎಣಿಸುವವರಿಲ್ಲ. ರಸ್ತೆಯ ಬೇವು ಹುಣಸೆಗಳೆಲ್ಲ ಕೆಂಪಾದವು. ಒಣಹಾಕಿದ ಬಟ್ಟೆ, ಮುಚ್ಚಿಟ್ಟ ಹಾಲು, ತಲೆದಿಂಬು, ಎಲ್ಲದರ ಮೇಲೂ ಕೆಂಪು ಧೂಳು. ಬೋಲ್ಟುಗಳ ಸಂದಿಯಲ್ಲೂ ಅದೇ ಧೂಳು ಎಣ್ಣೆಯ ಜೊತೆ ಕಲೆತು ಗಾರೆಯಂತೆ ಗಟ್ಟಿಯಾಗುತ್ತಿತ್ತು. ದ್ಯಾಮಕ್ಕನಿಗೆ ಕೈತುಂಬ ಕೆಲಸ.

ಮರಿಸ್ವಾಮಿಗೆ ಮಾತ್ರ ಆ ಸುಗ್ಗಿ ಬೇರೆಯದೇ ಆಗಿ ಬಂತು. ಲಾರಿಗಳ ಸಾಲು ಬೆಳಗಿನಿಂದ ಸಂಜೆಯವರೆಗೆ ಶೆಡ್ಡಿನ ಮುಂದೆಯೇ ಗುರುಗುಟ್ಟುತ್ತ ನಿಲ್ಲುತ್ತಿತ್ತು. ಆ ಗದ್ದಲದಲ್ಲಿ ಅವನಿಗೆ ಯಾವ ಎಂಜಿನ್ನಿನ ಸದ್ದೂ ಬಿಡಿಯಾಗಿ ಕೇಳುತ್ತಿರಲಿಲ್ಲ. ಸ್ಕ್ರೂಡ್ರೈವರು ಕಿವಿಗಿಟ್ಟು ಹಣೆ ಗಂಟಿಕ್ಕಿ ಕೂರುತ್ತಿದ್ದ. ಒಂದೆರಡು ಸಲ ತಪ್ಪು ಹೇಳಿದ. ದ್ಯಾಮಕ್ಕ ಅವನಿಗೆ ತಿಳಿಯದಂತೆ ಸರಿ ಮಾಡಿದಳು. ಬಂದವರು ಮೊದಲು ಅವನಿಗೆ ಕೈಮುಗಿಯುತ್ತಿದ್ದರು, ಮಾತು ಅವಳ ಜೊತೆ ಆಡುತ್ತಿದ್ದರು. ಅವಳು ಯಾವಾಗಲೂ "ಅವರನ್ನ ಕೇಳ್ತೀನಿ ತಡೀರಿ" ಎನ್ನುತ್ತಿದ್ದಳು. ಬಿಡುವಿದ್ದಾಗ ಹುಸೇನಪ್ಪನ ಹತ್ತಿರ ವೆಲ್ಡಿಂಗ್ ಕಲಿತಳು. ಅವಳ ಕೈ ಎಲ್ಲವನ್ನೂ ಕಲಿತಿತ್ತು. ಆದರೂ ಪ್ರತಿ ಬೋಲ್ಟಿಗೂ ಗಂಡನ ಮುಂದೆ ಹೋಗಿ "ಏನ್ರಿ, ಇದು ಹಿಂಗೈತಿ, ಏನು ಮಾಡ್ಲಿ?" ಎಂದು ಕೇಳುತ್ತಿದ್ದಳು. ಅವನು ಹೇಳುವುದು ಅವಳಿಗೆ ಮೊದಲೇ ಗೊತ್ತಿರುತ್ತಿತ್ತು. ಹೇಳುವಾಗ ಅವನ ಮುಖದಲ್ಲಿ ಬರುವ ಕಳೆಗಾಗಿ ಕೇಳುತ್ತಿದ್ದಳು.

ಎರಡು ಸಾವಿರದ ಏಳರ ಬೇಸಿಗೆ. ಸಂಡೂರಿನ ಬಸವರಾಜ ಎಂಬ ಡ್ರೈವರು ತನ್ನ ಹಳೆಯ ಲಾರಿ ತಂದು ನಿಲ್ಲಿಸಿದ. ಸೈಲೆನ್ಸರ್ ಪೈಪು ಎಂಜಿನ್ನಿಗೆ ಕೂಡುವ ಕಡೆ ಹೊಗೆ ಬಿಡುತ್ತಿತ್ತು. ಅಲ್ಲಿಯ ಬೋಲ್ಟು ಬೆಂಕಿಯಲ್ಲಿ ಬೆಂದು ಬೆಂದು ಕಚ್ಚಿ, ತಲೆ ಪೂರ್ತಿ ಸವೆದಿತ್ತು. ಮರಿಸ್ವಾಮಿ ಶೆಡ್ಡಿನಲ್ಲಿರಲಿಲ್ಲ. ಹುಸೇನಪ್ಪ ಅವನನ್ನು ಕ್ಷೌರಕ್ಕೆ ಕರೆದುಕೊಂಡು ಹೋಗಿದ್ದ.

ದ್ಯಾಮಕ್ಕ ಕಾಯಲಿಲ್ಲ. ನಟ್ಟು ಇಟ್ಟು ವೆಲ್ಡಿಂಗ್ ಹಚ್ಚಿದಳು, ಕಪ್ಪಾಗುವವರೆಗೆ ಬಿಟ್ಟಳು, ಮಣಿಕಟ್ಟಿನಲ್ಲಿ ಮುಂದೆ ಹಿಂದೆ ಆಡಿಸಿದಳು. ಟಕ್ಕೆಂದಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಬಸವರಾಜ "ಏನ್ ಕೈರೀ ಅಕ್ಕಾರ ನಿಮ್ದು, ಮಸ್ತ್!" ಎಂದ.

ಅಷ್ಟರಲ್ಲಿ ರಸ್ತೆಯ ಆಚೆ ಸ್ಕೂಟರು ನಿಂತಿತು. ಹುಸೇನಪ್ಪ ಮರಿಸ್ವಾಮಿಯ ತೋಳು ಹಿಡಿದು ಲಾರಿಗಳ ಸಾಲಿನ ನಡುವೆ ದಾಟಿಸುತ್ತಿದ್ದ. ಮರಿಸ್ವಾಮಿಯ ಗಡ್ಡ ನುಣ್ಣಗಾಗಿತ್ತು. ಬೆಳಿಗ್ಗೆ ಅವಳೇ ತೊಡಿಸಿದ ಬಿಳಿ ಅಂಗಿಯ ಮೇಲೆ ಆಗಲೇ ಕೆಂಪು ಕೂತಿತ್ತು. ಹಬ್ಬಕ್ಕೆ ಹೊರಟವನ ಹಾಗೆ ಮುಖ ಎತ್ತಿಕೊಂಡು ಬರುತ್ತಿದ್ದ.

ದ್ಯಾಮಕ್ಕನಿಗೆ ಏನಾಯಿತೋ. ಕೈಯಲ್ಲಿದ್ದ ಬೋಲ್ಟನ್ನು ಮತ್ತೆ ತೂತಿಗಿಟ್ಟು ಬೆರಳಿನಿಂದ ಸರಸರ ತಿರುಗಿಸಿದಳು, ಪಾನಾ ಹಾಕಿ ಒಂದು ಸುತ್ತು ಬಿಗಿದಳು. ಬೆರಗಾಗಿ ನೋಡುತ್ತಿದ್ದ ಬಸವರಾಜನಿಗೆ ಸುಮ್ಮನಿರೆಂದು ಕೈಸನ್ನೆ ಮಾಡಿದಳು. ಅವನು ಮುಖ ಆಚೆ ತಿರುಗಿಸಿ ನಿಂತ.

"ಏನ್ರಿ, ಚಲೋ ಹೊತ್ತಿಗೆ ಬಂದ್ರಿ ನೋಡ್ರಿ. ಇದು ಬರವಲ್ದು. ವೆಲ್ಡಿಂಗ್ ಹಚ್ಚೀನಿ, ಮುಂದ ನೀವ ಹೇಳಬೇಕು."

ಮರಿಸ್ವಾಮಿ ಕೋಲು ಕಂಬಕ್ಕೆ ಆನಿಸಿ, ಬಿಳಿ ಅಂಗಿಯ ತೋಳು ಮಡಿಚಿ, ಲಾರಿಯ ಪಕ್ಕ ಬಂದು ನಿಂತ. ನಟ್ಟಿನ ಬಿಸಿಗೆ ಬೆರಳು ಹತ್ತಿರ ಒಯ್ದು ನೋಡಿದ.

"ಹೂಂ. ಮೊದಲು ಬಿಗಿ ಮಾಡು."

ಮಾಡಿದಳು.

"ಈಗ ಹಿಂದಕ್ಕ."

ಹಿಂದಕ್ಕೆ ತಿರುಗಿಸಿದಳು. ಬೋಲ್ಟು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಸದ್ದಿಲ್ಲ. ತನ್ನ ತಪ್ಪು ಅವಳಿಗೆ ಆಗಲೇ ತಿಳಿಯಿತು. ಮರಿಸ್ವಾಮಿಯ ಕತ್ತು ತುಸುವೇ ಅವಳ ಕಡೆ ಹೊರಳಿತು. ಆಮೇಲೆ, ಏನೂ ಆಗದವನ ಹಾಗೆ, "ನಿಧಾನ... ಮುಂದ... ಹಿಂದ... ಅವಸರ ಬ್ಯಾಡ" ಎಂದು ಕೊನೆಯವರೆಗೂ ಹೇಳಿದ. ಅವಳೂ ಹೇಳಿದ ಹಾಗೆ ಕೊನೆಯವರೆಗೂ ಮಾಡಿದಳು. ಬೋಲ್ಟು ಈಚೆ ಬಂದಾಗ ಮರಿಸ್ವಾಮಿ ಬಸವರಾಜನ ಕಡೆ ಮುಖ ಮಾಡಿ, "ನಮ್ಮಾಕಿ ಕೈ ಭಾಳ ಸೂಕ್ಷ್ಮ ಐತ್ರಿ" ಎಂದ.

ಲಾರಿ ಹೋಯಿತು. ಊಟಕ್ಕೆ ಕೂತಾಗ ಮರಿಸ್ವಾಮಿ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡ.

"ಸದ್ದು ಬರಲಿಲ್ಲ, ದ್ಯಾಮಿ."

ಅವಳು ನೀರಿನ ತಂಬಿಗೆಯನ್ನು ಅವನ ಕೈಗೆ ಎಟುಕುವ ಹಾಗೆ ಸರಿಸಿದಳು.

"ಮೊದಲ ತಗದಿದ್ದಿ?"

"ಹೂಂನ್ರಿ."

"ತಿರುಗಿ ಯಾಕ ಹಾಕಿದಿ?"

ಅವಳು ಅವನ ತಟ್ಟೆಗೆ ಪಲ್ಯ ಬಡಿಸಿದಳು.

"ಎಷ್ಟು ದಿನಾ ಆತು, ನನ್ನ ಸುಮ್ನ ಕೇಳಾಕತ್ತು?"

ಸುಳ್ಳು ಹೇಳಬಹುದಿತ್ತು. ಆದರೆ ಅವನು ಮುಖ ಮುಂದೆ ಚಾಚಿ ಅವಳ ಉಸಿರು ಕೇಳುತ್ತಿದ್ದ.

"ಎರಡು ವರ್ಷದ ಮ್ಯಾಲಾತ್ರಿ."

ಮರಿಸ್ವಾಮಿ ತಲೆಯಾಡಿಸಿದ. ಸಿಟ್ಟಾಗಲಿಲ್ಲ. "ಚಲೋ ಕಲ್ತಿ ಬಿಡು" ಎಂದ. ಮನಸಾರೆ ಹೇಳಿದ್ದು ಅದು, ಅವಳಿಗೆ ಗೊತ್ತಾಯಿತು. ಅವಳು ಎದ್ದು ಒಳಗೆ ಹೋಗಿ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಳು ಅವನಿಗೆ ಕೇಳಿಸದೆ ಇರುತ್ತದೆಯೇ.

ಮರುದಿನದಿಂದ ಅವನು ಶೆಡ್ಡಿಗೆ ಬರಲಿಲ್ಲ. ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಕೂರುತ್ತಿದ್ದ. ಅವಳು ಕರೆದರೆ "ನೀ ಮಾಡು" ಎನ್ನುತ್ತಿದ್ದ. ಧೂಳಿಗೆ ಕೆಮ್ಮು ಹತ್ತಿತು. ಮಳೆಗಾಲ ಕಳೆದ ಮೇಲೆ ಒಂದು ದಿನ, "ನನ್ನ ಅಕ್ಕನ ಮನಿಗೆ ಬಿಟ್ಟು ಬಾ. ಅಲ್ಲಿ ಗಾಳಿ ಚಲೋ ಐತಿ" ಎಂದ. ಅವನ ಅಕ್ಕ ಜಂಬಕ್ಕ ಕಂಪ್ಲಿಯಲ್ಲಿದ್ದಳು. ಗಂಡ ತೀರಿಕೊಂಡ ಮೇಲೆ ಹೂ ಮಾರಿ ಬದುಕುತ್ತಿದ್ದವಳು.

ಬಸ್ಸು ಕಮಲಾಪುರ ದಾಟಿ ಬಾಳೆತೋಟಗಳ ನಡುವೆ ಓಡುವಾಗ ಮರಿಸ್ವಾಮಿ ಕಿಟಕಿಗೆ ಮುಖ ಕೊಟ್ಟು ದೀರ್ಘವಾಗಿ ಉಸಿರೆಳೆದ. ದ್ಯಾಮಕ್ಕ ಐದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಅಲ್ಲಿ ಹೇಳಿದಳು.

"ಅವತ್ತು ಬಳ್ಳಾರ್‍ಯಾಗ ನಾ ಬ್ಯಾಡ ಅಂದೆ. ನಾ ಹೂಂ ಅಂದಿದ್ರ ನಿಮಗ ಒಂದು ಕಣ್ಣರ ಉಳೀತಿತ್ತು."

ಮರಿಸ್ವಾಮಿ ಕಿಟಕಿಯಿಂದ ಮುಖ ಈಚೆ ತಿರುಗಿಸಿದ.

"ಡಾಕ್ಟರು ಹೇಳಿದ್ದು ನನಗ ತಿಳಿದಿತ್ತು. ನೀ ಬ್ಯಾಡ ಅಂತಿ ಅಂತನೂ ಗೊತ್ತಿತ್ತು. ಅದಕ್ಕ ನಿನ್ನ ಕೇಳಿದೆ. ನನಗ ಹೆದರಿಕಿ ಆಗಿತ್ತು, ದ್ಯಾಮಿ. ಅದನ್ನ ನಿನ್ನ ತಲಿ ಮ್ಯಾಲ ಹಾಕಿದೆ."

ಕಂಪ್ಲಿಯಲ್ಲಿ ಇಳಿಯುವಾಗ ಅವನು ಅವಳ ಕೈ ಹಿಡಿದ, ಜಂಬಕ್ಕನ ಮನೆಯ ಬಾಗಿಲವರೆಗೂ ಬಿಡಲಿಲ್ಲ.

ಅಮಾವಾಸ್ಯೆಗೆ ಗ್ಯಾರೇಜುಗಳು ಪೂಜೆ ಮಾಡಿ ಬಾಗಿಲು ಹಾಕುತ್ತವೆ. ದ್ಯಾಮಕ್ಕ ಪ್ರತಿ ಅಮಾವಾಸ್ಯೆ ಕಂಪ್ಲಿಗೆ ಹೋಗುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದಳು, ಉಗುರು ತೆಗೆಯುತ್ತಿದ್ದಳು. ಅವನು ಶೆಡ್ಡಿನ ಸುದ್ದಿ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಕಾಲುವೆಗೆ ನೀರು ಬಿಟ್ಟದ್ದು, ಜಂಬಕ್ಕನ ಮಂಡಿನೋವು, ಇಂಥವೇ ಮಾತು. ಹೊರಡುವಾಗ ಅವನು ಬಸ್ಸು ನಿಲ್ಲುವ ತನಕ ಕೋಲೂರಿಕೊಂಡು ಬರುತ್ತಿದ್ದ. ಇವನು ನನ್ನನ್ನು ಬಿಟ್ಟುಕೊಟ್ಟ ಎಂದು ಅವಳು ಬಸ್ಸಿನಲ್ಲಿ ಕೂತು ಅಂದುಕೊಳ್ಳುತ್ತಿದ್ದಳು. ಎರಡು ವರ್ಷ ಹಾಗೇ ಅಂದುಕೊಂಡಳು.

ಎರಡು ಸಾವಿರದ ಒಂಬತ್ತರ ಕಾರ್ತಿಕದಲ್ಲಿ, ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಅವಳು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದಾಗ ಹುಸೇನಪ್ಪ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಕೈಯಲ್ಲಿ ಮೊಬೈಲಿತ್ತು. "ಅಕ್ಕ, ಹೊರಗ ಬಾ" ಎಂದ. ಅವನ ದನಿ ಕೇಳಿಯೇ ಅವಳಿಗೆ ತಿಳಿಯಿತು. ಮರಿಸ್ವಾಮಿ ಮೂರು ದಿನ ಜ್ವರದಲ್ಲಿದ್ದ, ಅಮಾವಾಸ್ಯೆ ಹತ್ತಿರ ಬಂತು, ಈಗಲೇ ಅವಳಿಗೆ ಹೇಳಬೇಡ ಎಂದು ಜಂಬಕ್ಕನನ್ನು ತಡೆದಿದ್ದ. ಬೆಳಿಗ್ಗೆ ಗಂಜಿ ಕುಡಿದು, ಗೋಡೆಗೆ ಒರಗಿ ಕೂತವನು ಹಾಗೇ ಹೋಗಿದ್ದ.

ದ್ಯಾಮಕ್ಕ ಸೀಮೆಎಣ್ಣೆಯಲ್ಲಿ ಕೈ ತೊಳೆದಳು, ಸೋಪು ಹಚ್ಚಿ ತೊಳೆದಳು, ಮತ್ತೆ ಸೀಮೆಎಣ್ಣೆ ಹಾಕಿದಳು. ಗ್ರೀಸಿನ ಕೈಯಲ್ಲಿ ಅವನನ್ನು ಮುಟ್ಟಬಾರದೆಂದು ಅವಳ ತಲೆಗೆ ಹತ್ತಿಬಿಟ್ಟಿತ್ತು. ಹುಸೇನಪ್ಪ ಕೈ ಹಿಡಿದು "ಸಾಕಕ್ಕ" ಎನ್ನುವವರೆಗೂ ಉಜ್ಜುತ್ತಲೇ ಇದ್ದಳು.

ಕಂಪ್ಲಿಯಲ್ಲೇ ಮಣ್ಣು ಮಾಡಿದರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಅಂದಾನಪ್ಪನವರು ಬಂದರು. ಊಟವಾದ ಮೇಲೆ ಚಪ್ಪಲಿ ಮೆಟ್ಟಿಕೊಂಡವರು ಮತ್ತೆ ಬಿಟ್ಟು ಒಳಗೆ ಬಂದು ಕೂತರು.

"ದ್ಯಾಮವ್ವ, ಆ ಜಾಗಾ ಹಂಗ ಇಟ್ಟೀನಿ. ನೀ ಯಾವಾಗ ಬರ್ತಿ ಬಾ."

"ಯಾವ ಜಾಗಾರಿ?"

ಅಂದಾನಪ್ಪನವರು ಜಂಬಕ್ಕನ ಮುಖ ನೋಡಿದರು. ಜಂಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆಕಿಗೆ ಅಂವ ಹೇಳಿಲ್ರಿ. ಈ ಅಮಾಸಿಗೆ ಹೇಳಾಂವ ಇದ್ದ."

ಮರಿಸ್ವಾಮಿ ಬೇಸಿಗೆಯಿಂದಲೂ ಜಂಬಕ್ಕನ ಕೈ ಹಿಡಿದು ಮಿಲ್ಲಿಗೆ ಹೋಗಿ ಬರುತ್ತಿದ್ದನಂತೆ. ಮಿಲ್ಲಿನ ಕಾಂಪೌಂಡಿನ ಪಕ್ಕ, ರಸ್ತೆಗೆ ಮುಖವಾಗಿ, ಒಂದು ಶೆಡ್ಡಿಗಾಗುವಷ್ಟು ಜಾಗ ಕೇಳಿದ್ದನಂತೆ. ಇಲ್ಲಿ ಲಾರಿಗಳ ಗದ್ದಲವಿಲ್ಲ, ಎಂಜಿನ್ನು ಕಿವಿಗೆ ಸರಿಯಾಗಿ ಕೇಳುತ್ತದೆ, ಸುತ್ತಲೂ ಹಳೆಯ ಟ್ರ್ಯಾಕ್ಟರುಗಳಿವೆ, ಅವಳನ್ನು ಇಲ್ಲಿಗೇ ಕರೆಸಿಕೊಳ್ಳುತ್ತೇನೆ ಎಂದಿದ್ದನಂತೆ. ಅಂದಾನಪ್ಪನವರು ಅಣ್ಣತಮ್ಮಂದಿರನ್ನು ಕೇಳಿ ಹೇಳುತ್ತೇನೆಂದಿದ್ದರು. ಒಪ್ಪಿಗೆ ಕೊಟ್ಟು ಇನ್ನೂ ಮೂರು ವಾರ ಆಗಿರಲಿಲ್ಲ.

ಸಂಜೆ ಬಿಸಿಲು ಇರುವಾಗಲೇ ಜಂಬಕ್ಕ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಖಾಲಿ ನೆಲ, ಅಂಚಿನಲ್ಲಿ ಜಾಲಿಗಿಡ, ಗಾಳಿಗೆ ತೂರಿ ಬಂದ ಭತ್ತದ ಹೊಟ್ಟು. ನಾಲ್ಕು ಮೂಲೆಗೆ ನಾಲ್ಕು ಕಲ್ಲು.

"ಕೋಲು ಹಿಡಕೊಂಡು ಹೆಜ್ಜಿ ಎಣಿಸ್ಯಾನವ್ವ. ಉದ್ದ ಇಪ್ಪತ್ತೆರಡು, ಅಗಲ ಹದಿನಾಲ್ಕು. ಈ ಕಡಿ ಗಾಡಿ ನಿಂದ್ರಾಕ. ಅಲ್ಲಿ ನಿನ್ನ ಪಾನಾದ ಹಲಗಿ, ನಿನ್ನ ಕೈಗೆ ಎಟುಕುವಂಗ. ಬೆಳಕು ನಿನ್ನ ಬೆನ್ನಿಗೆ ಬರಬೇಕಂತ ನನ್ನ ಕೇಳಿ ಕೇಳಿ ದಿಕ್ಕು ಗುರುತು ಮಾಡಿಸ್ಯಾನ. 'ನೀ ಎಲ್ಲಿ ಕುಂದರತೀಯೋ?' ಅಂತ ಕೇಳಿದೆ. 'ನನಗ ಗ್ವಾಡಿ ಬದಿ ಒಂದೀಟು ಸಾಕು. ಆಕಿ ಕೆಲಸಾ ಮಾಡೋ ಸದ್ದು ಕೇಳಿದ್ರ ಆತು' ಅಂದ."

ದ್ಯಾಮಕ್ಕ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೆಜ್ಜೆ ಹಾಕಿದಳು. ಅವನ ಹೆಜ್ಜೆ ದೊಡ್ಡದು. ಅವಳಿಗೆ ಇಪ್ಪತ್ತೊಂಬತ್ತು ಬಂತು. ನಡುವೆ ನಿಂತಳು, ಕೂತಳು, ನೆಲಕ್ಕೆ ಎರಡೂ ಅಂಗೈ ಊರಿಕೊಂಡು, ಹನ್ನೊಂದು ದಿನದಿಂದ ಬಾರದಿದ್ದ ಅಳು ಅತ್ತಳು. ಜಂಬಕ್ಕ ಪಕ್ಕದಲ್ಲಿ ಕೂತಳೇ ಹೊರತು ಸುಮ್ಮನಾಗು ಎನ್ನಲಿಲ್ಲ.

ಮುಂದಿನ ಯುಗಾದಿಗೆ ಮೊದಲು ದ್ಯಾಮಕ್ಕ ಹೊಸಪೇಟೆಯ ಶೆಡ್ಡು ಬಿಟ್ಟು ಕಂಪ್ಲಿಗೆ ಬಂದಳು. ಹುಸೇನಪ್ಪ ಬಂದು ಕಂಬ ನಿಲ್ಲಿಸಿ ತಗಡು ಹೊದಿಸಿಕೊಟ್ಟ. ಕಲ್ಲುಗಳಿದ್ದ ಕಡೆಯೇ ಕಂಬಗಳು. ಮೊದಲ ಗಾಡಿಯಾಗಿ ಅಂದಾನಪ್ಪನವರ ಜೀಪು ಬಂತು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದ್ಯಾಮಕ್ಕ ಆಯಿಲ್ ಬದಲಿಸಿ, ಬಾನೆಟ್ಟು ಒರೆಸಿ, ಸಂಜೆಗೆ ಕಳಿಸಿಕೊಟ್ಟಳು.